ಸೈಕಲ್ ಕಂಪ್ಯೂಟರ್ ಹೇಳಿದ್ದೆಲ್ಲ ದೂರವೇ?

ನಿಮ್ಮ ಕಾಲೇಜಿನಲ್ಲೂ ಸೈಕಲ್ ಹುಚ್ಚಿನ ಒಂದು ಗುಂಪು ಇದ್ದೇ ಇರುತ್ತದೆ. ಭಾನುವಾರ ನಸುಕಿನಲ್ಲಿ ಸವಾರಿ, ಮಧ್ಯಾಹ್ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸ್ಕ್ರೀನ್‌ಶಾಟ್‌ಗಳ ಸಮರ. ಧಾರವಾಡದಲ್ಲಿ ನಮ್ಮದೂ ಅಂಥದ್ದೇ ಒಂದು ಗುಂಪು. ಹಳಿಯಾಳದ ಕಡೆಗೆ ಹೋಗಿ ಬಂದ ಒಂದು ಭಾನುವಾರ ಮೂವರ ಪರದೆಯಲ್ಲಿ ಮೂರು ಲೆಕ್ಕ ಇತ್ತು. ಒಬ್ಬನ ದೂರ ಇನ್ನೊಬ್ಬನದಕ್ಕಿಂತ 900 ಮೀಟರ್ ಹೆಚ್ಚು. ಏರಿದ ಎತ್ತರವಂತೂ ಒಬ್ಬನದು 412 ಮೀಟರ್, ಮತ್ತೊಬ್ಬನದು 590. ಹೊರಟಿದ್ದು ಒಟ್ಟಿಗೆ, ಚಹಾ ಕುಡಿದಿದ್ದು ಒಂದೇ ಅಂಗಡಿಯಲ್ಲಿ, ಬಂದಿಳಿದಿದ್ದೂ ಒಟ್ಟಿಗೇ. ಆದರೂ ಯಾರ ಯಂತ್ರ ಸರಿ ಎಂಬ ಜಗಳ ಬುಧವಾರದವರೆಗೆ ನಡೆಯಿತು. ಮೂರೂ ಯಂತ್ರಗಳು ಅಂದಾಜನ್ನೇ ಹೇಳುತ್ತಿವೆ ಎಂದು ಯಾರೂ ಹೇಳಲಿಲ್ಲ.

ಈ ಲೇಖನದ ತಕರಾರು ಅದೇ. ಜಿಪಿಎಸ್ ಸೈಕಲ್ ಕಂಪ್ಯೂಟರ್ ಕೆಟ್ಟ ಯಂತ್ರವಲ್ಲ. ಅದು ಕೊಡುವುದು ಅಂದಾಜು. ನಾವು ಓದುವುದು ಮಾತ್ರ ಕೋರ್ಟಿನ ಸಾಕ್ಷಿಯಂತೆ. 42.37 ಕಿ.ಮೀ. ಎಂದು ಎರಡು ದಶಾಂಶ ಸ್ಥಾನದವರೆಗೆ ತೋರಿಸಿದ ತಕ್ಷಣ ಕೊನೆಯ ಆ 7 ಕೂಡ ನಿಜವಿರಬೇಕು ಎಂದು ಮನಸ್ಸು ನಂಬಿಬಿಡುತ್ತದೆ. ಗೆಳೆಯರ ನಡುವಿನ ಜಗಳವಾದರೆ ನಕ್ಕು ಬಿಡಬಹುದಿತ್ತು. ಆದರೆ ಇದೇ ಲೆಕ್ಕ ಈಗ ನಮ್ಮಂಥವರ ದೈಹಿಕ ಪರೀಕ್ಷೆಯ ತಯಾರಿಗೂ ದಿನಗೂಲಿಗೂ ಬಂದು ಕೂತಿದೆ.

ಮೊದಲು ಈ ಡಬ್ಬಿ ಮಾಡುವುದೇನು ಎಂದು ನೋಡೋಣ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ‘ಈಗ ಸಮಯ ಇಷ್ಟು, ನಾನಿರುವುದು ಇಲ್ಲಿ’ ಎಂದು ಸಾರುತ್ತಲೇ ಇರುತ್ತವೆ. ಸಂಕೇತ ಬಂದು ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ಹ್ಯಾಂಡಲ್ ಮೇಲಿನ ಡಬ್ಬಿ ದೂರವನ್ನು ಲೆಕ್ಕ ಹಾಕುತ್ತದೆ. ಜಾಗ ಗೊತ್ತಾಗಲು ಕನಿಷ್ಠ 4 ಉಪಗ್ರಹ ಬೇಕು: ಮೂರು ದಿಕ್ಕಿನ ಲೆಕ್ಕದ ಜೊತೆಗೆ ಡಬ್ಬಿಯೊಳಗಿನ ಅಗ್ಗದ ಗಡಿಯಾರದ ತಪ್ಪನ್ನೂ ತಿದ್ದಬೇಕಲ್ಲ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ 30 ಸೆಂ.ಮೀ. ಓಡುತ್ತದೆ. ಅಷ್ಟು ಸಣ್ಣ ಕಾಲದ ತಪ್ಪಿಗೂ ನೆಲದ ಮೇಲೆ ಒಂದು ಗೇಣಿಗಿಂತ ಹೆಚ್ಚು ವ್ಯತ್ಯಾಸ ಎಂದಾಯಿತು. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಆಗ 100 ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆ. ತೆರೆದ ಆಕಾಶದಡಿ ಸ್ಮಾರ್ಟ್‌ಫೋನ್ ಸಾಮಾನ್ಯವಾಗಿ 5 ಮೀಟರ್ ಸುತ್ತಳತೆಯೊಳಗೆ ಜಾಗ ಹೇಳುತ್ತದೆ. ಒಳ್ಳೆಯದೇ. ಆದರೆ 5 ಮೀಟರ್ ಎಂದರೆ ಹಳ್ಳಿಯ ರಸ್ತೆಯ ಈ ಅಂಚಿನಿಂದ ಆ ಅಂಚು.

ಒಂದು ಬಿಂದುವಿನಲ್ಲಿ 5 ಮೀಟರ್ ತಪ್ಪಿದರೆ ನಮಗೇನೂ ತೊಂದರೆಯಿಲ್ಲ. ಸೈಕಲ್ ಕಂಪ್ಯೂಟರ್ ಅಂಥ ಸಾವಿರಾರು ಬಿಂದುಗಳನ್ನು ಗೆರೆ ಎಳೆದು ಜೋಡಿಸಿ ದೂರ ಎನ್ನುತ್ತದಲ್ಲ, ತಪ್ಪು ಎರಡು ತದ್ವಿರುದ್ಧ ದಿಕ್ಕಿನಲ್ಲಿ ಬೆಳೆಯುವುದು ಅಲ್ಲಿ. ಬಿಂದುಗಳು ರಸ್ತೆಯ ಎಡಕ್ಕೂ ಬಲಕ್ಕೂ ಹಾರಾಡಿದರೆ ನೇರ ರಸ್ತೆಯೂ ಹಾವಿನಂತೆ ಡೊಂಕಾಗಿ ದೂರ ಹೆಚ್ಚುತ್ತದೆ. ಆಗುಂಬೆಯಂಥ ಘಟ್ಟದ 14 ಹಿಮ್ಮುರಿ ತಿರುವುಗಳಲ್ಲಿ, ಬ್ಯಾಟರಿ ಉಳಿಸಲೆಂದು ಡಬ್ಬಿ ಕೆಲವು ಸೆಕೆಂಡಿಗೊಮ್ಮೆ ಮಾತ್ರ ಬಿಂದು ದಾಖಲಿಸುತ್ತಿದ್ದರೆ, ತಿರುವಿನ ಮೂಲೆಯನ್ನೇ ಕತ್ತರಿಸಿ ನೇರ ಗೆರೆ ಎಳೆದು ದೂರವನ್ನು ಕಡಿಮೆ ಮಾಡುತ್ತದೆ. ಕಾಡಿನ ಹಸಿ ಎಲೆಗಳ ಕೆಳಗೆ ಸಂಕೇತ ಸೊರಗುತ್ತದೆ. ಎತ್ತರದ ಕಟ್ಟಡಗಳ ನಡುವೆ ಅದು ಗೋಡೆಗೆ ಬಡಿದು, ಸುತ್ತು ಹಾಕಿ ಬರುತ್ತದೆ. ಡಬ್ಬಿಗೆ ಆ ಸುತ್ತುದಾರಿ ಗೊತ್ತಾಗುವುದಿಲ್ಲ, ನೀವು ಪಕ್ಕದ ಬೀದಿಯಲ್ಲಿದ್ದೀರಿ ಎಂದು ಬರೆದುಕೊಳ್ಳುತ್ತದೆ. ಕೆಲವೊಮ್ಮೆ ಹೆಚ್ಚೂ ಕಡಿಮೆಯೂ ಒಂದನ್ನೊಂದು ನುಂಗಿ ಒಟ್ಟು ಸರಿಯಾಗಿ ಕಾಣುವುದೂ ಉಂಟು.

ಎತ್ತರದ ಕತೆ ಇನ್ನೂ ಮಜವಾಗಿದೆ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿನ ಅರ್ಧದಲ್ಲೇ ಕಾಣುವುದರಿಂದ ಜಿಪಿಎಸ್ ಎತ್ತರ ಹೇಳುವುದರಲ್ಲಿ ಅಡ್ಡದೂರಕ್ಕಿಂತ ದಡ್ಡ. ಹಾಗಾಗಿ ದುಬಾರಿ ಕಂಪ್ಯೂಟರ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಮೇಲೇರಿದಂತೆ ಒತ್ತಡ ಇಳಿಯುತ್ತದೆ. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಸುಮಾರು 9 ಮೀಟರ್ ಏರಿದ ಲೆಕ್ಕ. ಆದರೆ ಒತ್ತಡ ಹವಾಮಾನದಿಂದಲೂ ಬದಲಾಗುತ್ತದೆ. ಮೋಡ ಕವಿದು ಮಳೆ ಬರುವ ಮುನ್ನ ನೀವು ಕಟ್ಟೆಯ ಮೇಲೆ ಕೂತು ಗಿರ್ಮಿಟ್ ತಿನ್ನುತ್ತಿದ್ದರೂ ಡಬ್ಬಿ ನಿಮ್ಮನ್ನು ನಿಧಾನಕ್ಕೆ ಬೆಟ್ಟ ಹತ್ತಿಸುತ್ತಿರುತ್ತದೆ. ಸೆನ್ಸರಿನ ಸಣ್ಣ ತೂತಿಗೆ ಮಳೆನೀರೋ ಬೆವರೋ ಕಟ್ಟಿಕೊಂಡರೆ ಲೆಕ್ಕವೇ ಹಾದಿ ತಪ್ಪುತ್ತದೆ. ಮೇಲಾಗಿ, ಎಷ್ಟು ಸಣ್ಣ ಉಬ್ಬನ್ನು ಏರು ಎಂದು ಕೂಡಿಸಬೇಕು, ಎಷ್ಟನ್ನು ಬಿಡಬೇಕು ಎಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ತೀರ್ಮಾನಿಸುತ್ತದೆ. ನಮ್ಮ ಗುಂಪಿನ 412 ಮತ್ತು 590ರ ಗುಟ್ಟು ಬಹುಪಾಲು ಇದೇ ಇರಬೇಕು. ಹಳಿಯಾಳದ ದಾರಿಯಲ್ಲಿ ದೊಡ್ಡ ಬೆಟ್ಟವಿಲ್ಲ, ಇರುವುದೆಲ್ಲ ಸಣ್ಣ ಸಣ್ಣ ಏರಿಳಿತ. ನಂದಿ ಬೆಟ್ಟದಂಥ ಒಂದೇ ಸಮನೆ ಏರುವ ದಾರಿಯಲ್ಲಿ ಇದೇ ಯಂತ್ರಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ.

ಕ್ಯಾಲೊರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಡಲ್ ಮೇಲೆ ಬೀಳುವ ಬಲ ಅಳೆಯುವ ಪವರ್ ಮೀಟರ್ ಇಲ್ಲದೆ ಡಬ್ಬಿ ಹೇಳುವ ಕ್ಯಾಲೊರಿ ಊಹೆ. ಅದನ್ನು ನಂಬಿ ಎರಡು ಪ್ಲೇಟ್ ಮಿರ್ಚಿ ಜಾಸ್ತಿ ತಿನ್ನುವುದು ನಿಮ್ಮಿಷ್ಟ.

ನಮ್ಮ ಓಣಿಯ ಪಂಕ್ಚರ್ ಅಂಗಡಿಯ ಕಾಕಾ ಈ ಜಗಳ ಕೇಳಿ ನಗುತ್ತಿದ್ದರು. ‘ತಮ್ಮಾ, ಗಾಲಿ ನೆಲಾ ಮುಟ್ಟಿರತೈತಿ. ನಿನ್ನ ಡಬ್ಬಿ ಮುಗಿಲು ನೋಡ್ಕೋತ ಕುಂತಿರತೈತಿ. ಯಾವುದಕ್ಕ ದಾರಿ ಗೊತ್ತಿರತೈತಿ ಹೇಳು’ ಎಂದರು. ಕಾಕಾನ ಕಾಲದ ಮೀಟರಿನಲ್ಲಿ ಉಪಗ್ರಹವಿರಲಿಲ್ಲ. ಗಾಲಿಯ ಕಡ್ಡಿಗೆ ಒಂದು ಅಯಸ್ಕಾಂತ, ಫೋರ್ಕಿಗೆ ಒಂದು ಸೆನ್ಸರ್. ಗಾಲಿ ಎಷ್ಟು ಸುತ್ತಿತೋ ಅಷ್ಟು ಸಲ ಗಾಲಿಯ ಸುತ್ತಳತೆ. ಅಷ್ಟೇ ಲೆಕ್ಕ. ಸುರಂಗವಿರಲಿ, ಫ್ಲೈಓವರ್ ಕೆಳಗಿರಲಿ, ದಟ್ಟ ಕಾಡಿರಲಿ, ಅದು ಎಣಿಸುತ್ತಲೇ ಇರುತ್ತದೆ. ಅದಕ್ಕೂ ಅದರದ್ದೇ ದೌರ್ಬಲ್ಯವಿದೆ ಎಂದು ಕಾಕಾನಿಗೆ ಹೇಳಿದೆ. 700 ಅಳತೆಯ 25 ಅಗಲದ ಟೈರಿನ ಸುತ್ತಳತೆ ಸುಮಾರು 2105 ಮಿ.ಮೀ.; 28 ಅಗಲದ್ದು ಹಾಕಿಸಿ ಮೀಟರಿನಲ್ಲಿ ಬದಲಿಸದಿದ್ದರೆ ನೂರು ಕಿಲೋಮೀಟರಿಗೆ ಒಂದೂವರೆ ಕಿಲೋಮೀಟರ್ ಕಡಿಮೆ ತೋರಿಸುತ್ತದೆ. ಹವಾ ಕಡಿಮೆಯಿದ್ದರೂ ಲೆಕ್ಕ ಸ್ವಲ್ಪ ಜರುಗುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಗಾಲಿಯ ತಪ್ಪು ಪ್ರತಿ ಕಿಲೋಮೀಟರಿಗೂ ಒಂದೇ ಸಮ. ಒಮ್ಮೆ ಗೊತ್ತಾದರೆ ತಿದ್ದಿಬಿಡಬಹುದು. ಜಿಪಿಎಸ್ ತಪ್ಪು ಇವತ್ತಿನದು ನಾಳೆಗಿಲ್ಲ, ಈ ಬೀದಿಯದು ಆ ಬೀದಿಗಿಲ್ಲ.

ಕಾಕಾನ ಮಾತನ್ನು ಹಳೇಕಾಲದವರ ಹಟ ಎಂದು ತಳ್ಳಿಹಾಕುವವರಿಗೆ ಒಂದು ವಿಷಯ ಹೇಳಬೇಕು. ಜಗತ್ತಿನ ದೊಡ್ಡ ಮ್ಯಾರಥಾನ್‌ಗಳ ದೂರವನ್ನು ಅಧಿಕೃತವಾಗಿ ಅಳೆಯುವುದು ಇವತ್ತಿಗೂ ಸೈಕಲ್‌ನಿಂದ. ಉಪಗ್ರಹದಿಂದಲ್ಲ! ಅಮೆರಿಕದ ಅಲನ್ ಜೋನ್ಸ್ 1971ರಲ್ಲಿ ರೂಪಿಸಿದ ಒಂದು ಸಣ್ಣ ಎಣಿಕೆಯಂತ್ರವನ್ನು ಮುಂದಿನ ಗಾಲಿಗೆ ಜೋಡಿಸುತ್ತಾರೆ. ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಸೈಕಲ್ ಓಡಿಸಿ, ಇಷ್ಟು ದೂರಕ್ಕೆ ಇಷ್ಟು ಎಣಿಕೆ ಎಂದು ನಿಗದಿ ಮಾಡಿಕೊಳ್ಳುತ್ತಾರೆ. ಆಮೇಲೆ ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲಿ ಸೈಕಲ್ ಓಡಿಸಿ ಅಳೆಯುತ್ತಾರೆ. ಕೆಲಸ ಮುಗಿದ ಮೇಲೆ ಅದೇ ನೇರ ರಸ್ತೆಗೆ ವಾಪಸ್ ಬಂದು ಇನ್ನೊಮ್ಮೆ ತಾಳೆ ನೋಡುತ್ತಾರೆ, ಏಕೆಂದರೆ ಬಿಸಿಲೇರಿದಂತೆ ಟೈರು ಹಿಗ್ಗಿ ಎಣಿಕೆ ಬದಲಾಗಿರುತ್ತದೆ. ಅಷ್ಟಾದರೂ ಸಮಾಧಾನವಿಲ್ಲದೆ ದೂರಕ್ಕೆ ಸಾವಿರಕ್ಕೆ ಒಂದು ಪಾಲು ಹೆಚ್ಚು ಸೇರಿಸುತ್ತಾರೆ. ಮ್ಯಾರಥಾನ್‌ಗೆ ಅದು 42 ಮೀಟರ್. ಓಟ ಮುಗಿಸಿದವರು ತಮ್ಮ ಕೈಗಡಿಯಾರ ನೋಡಿ ‘ದಾರಿ ಉದ್ದ ಇಟ್ಟಿದ್ದಾರೆ’ ಎಂದು ಸಂಘಟಕರ ಮೇಲೆ ಹರಿಹಾಯುವುದು ಪ್ರತಿ ಓಟದಲ್ಲೂ ನಡೆಯುತ್ತದೆ. ಆ ದೂರವನ್ನು ಸೈಕಲ್ ಅಳೆದಿದೆ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ನನಗೆ ಇದು ಉಪಯೋಗಕ್ಕೆ ಬಂದಿದ್ದು ಹಾಸ್ಟೆಲಿನ ಗೆಳೆಯನ ವಿಷಯದಲ್ಲಿ. ಅವನು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸಿದ್ದ. ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ನಮ್ಮ ಹಾಸ್ಟೆಲ್ ಬಳಿಯ ಮೈದಾನದ ಸುತ್ತು 400 ಮೀಟರ್ ಎಂದು ಎಲ್ಲರೂ ಹೇಳುತ್ತ ಬಂದಿದ್ದರು. ಅವನು ತೋಳಿಗೆ ಮೊಬೈಲ್ ಕಟ್ಟಿಕೊಂಡು ನಾಲ್ಕು ಸುತ್ತು ಓಡಿದರೆ ಆ್ಯಪ್ ಸರಿಯಾಗಿ 1.60 ಕಿ.ಮೀ. ತೋರಿಸುತ್ತಿತ್ತು. ಸಮಯ 6 ನಿಮಿಷ 25 ಸೆಕೆಂಡ್. ಐದು ಸೆಕೆಂಡ್ ಕೈಯಲ್ಲಿದೆ ಎಂಬ ಧೈರ್ಯದಲ್ಲಿ ಇದ್ದ.

ಒಂದು ಸಂಜೆ ಸುಮ್ಮನೆ ಪರೀಕ್ಷೆ ಮಾಡೋಣ ಎಂದು ಸೈಕಲ್ ಒಯ್ದೆ. ಹಿಂದಿನ ದಿನ ದೈಹಿಕ ಶಿಕ್ಷಣ ವಿಭಾಗದಿಂದ 30 ಮೀಟರಿನ ಟೇಪು ತಂದು, ಹವಾ ಗಟ್ಟಿಯಾಗಿ ಹೊಡೆದು, ಮುಂದಿನ ಗಾಲಿ 10 ಸುತ್ತು ಸುತ್ತಿದರೆ 20.9 ಮೀಟರ್ ಎಂದು ಬರೆದಿಟ್ಟುಕೊಂಡಿದ್ದೆ. ಗಾಲಿಯ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಓಟದ ಗೆರೆಯ ಮೇಲೆ ಸೈಕಲ್ ತಳ್ಳುತ್ತ, ಬಟ್ಟೆ ಕೆಳಗೆ ಬಂದಾಗಲೆಲ್ಲ ಎಣಿಸಿದೆವು. ಒಂದು ಸುತ್ತಿಗೆ 186 ಬಂತು. ಮತ್ತೆ ಎಣಿಸಿದರೂ 186. ಅಂದರೆ ಸುಮಾರು 389 ಮೀಟರ್. ನಾಲ್ಕು ಸುತ್ತಿಗೆ 1555. ಪೂರ್ತಿ 45 ಮೀಟರ್ ಕಡಿಮೆ. ಅವನ ವೇಗದಲ್ಲಿ ಆ 45 ಮೀಟರಿಗೆ 11 ಸೆಕೆಂಡ್ ಬೇಕು. 6 ನಿಮಿಷ 25 ಸೆಕೆಂಡ್ ಎಂದುಕೊಂಡಿದ್ದು ನಿಜವಾದ 1600 ಮೀಟರಿನಲ್ಲಿ 6 ನಿಮಿಷ 36 ಸೆಕೆಂಡ್ ಆಗುತ್ತಿತ್ತು. ಹುದ್ದೆ ಕೈತಪ್ಪಲು ಅಷ್ಟು ಸಾಕು. ಮೈದಾನ ಚಿಕ್ಕದಾಗಿತ್ತು, ಮೊಬೈಲಿನ ಬಿಂದುಗಳು ಆಚೀಚೆ ಹಾರಾಡಿ ದೂರವನ್ನು ಹಿಗ್ಗಿಸಿದ್ದವು. ಎರಡು ತಪ್ಪು ಕೂಡಿ ಒಂದು ಸರಿಯಂತೆ ಕಂಡಿತ್ತು. ಆ್ಯಪ್ ಬೇರೇನಾದರೂ ತೋರಿಸಿದ್ದರೆ ಅವನಿಗೆ ಅನುಮಾನವಾದರೂ ಬರುತ್ತಿತ್ತು. ಮರುದಿನದಿಂದ ಅವನು ನಾಲ್ಕು ಸುತ್ತಿನ ಮೇಲೆ 45 ಮೀಟರಿಗೆ ಸುಣ್ಣದ ಗೆರೆ ಹಾಕಿಕೊಂಡು ಓಡತೊಡಗಿದ. ನೀವೂ ಇಂಥ ಪರೀಕ್ಷೆಗೆ ತಯಾರಾಗುತ್ತಿದ್ದರೆ ಒಂದು ಟೇಪು, ಒಂದು ಸೈಕಲ್, ಒಂದು ತುಂಡು ಬಟ್ಟೆ, ಅರ್ಧ ಗಂಟೆ ಸಾಕು. ಯಾವ ದುಬಾರಿ ಡಬ್ಬಿಯೂ ಬೇಡ.

ಹಾಗೆಂದು ಜಿಪಿಎಸ್ ಕಂಪ್ಯೂಟರ್ ಕೊಳ್ಳಲೇಬಾರದೇ? ಕೈಯಲ್ಲಿ ಹಣವಿದ್ದರೆ ಕೊಳ್ಳಿ. ಗೊತ್ತಿಲ್ಲದ ಊರಿನಲ್ಲಿ ರಾತ್ರಿ ದಾರಿ ತೋರಿಸಲು ಅದರಂಥ ಸಂಗಾತಿ ಇಲ್ಲ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ ಬ್ರೆವೆಗಳಲ್ಲಿ ಬಹುತೇಕ ಎಲ್ಲರ ಹ್ಯಾಂಡಲ್ ಮೇಲೂ ಅದು ಇರುತ್ತದೆ. ಆದರೆ ಅಲ್ಲೂ ಲೆಕ್ಕಕ್ಕೆ ಬರುವುದು ಸಂಘಟಕರು ನಿಗದಿ ಮಾಡಿದ ದಾರಿ ಮತ್ತು ನಡುವಿನ ಕಂಟ್ರೋಲ್‌ಗಳನ್ನು ಮುಟ್ಟಿದ ಪುರಾವೆ. ನಿಮ್ಮ ಪರದೆ 198 ಎಂದರೂ 204 ಎಂದರೂ ಕೇಳುವವರಿಲ್ಲ. ಇದ್ದವರು ಗಾಲಿಯ ಸೆನ್ಸರನ್ನೂ ಜೋಡಿಸಿಕೊಳ್ಳಿ, ದಾಖಲೆಯನ್ನು ಸೆಕೆಂಡಿಗೊಮ್ಮೆ ಎಂದು ಬದಲಿಸಿ, ಹೊರಡುವ ಮುನ್ನ ತೆರೆದ ಜಾಗದಲ್ಲಿ ಎರಡು ನಿಮಿಷ ಉಪಗ್ರಹ ಹಿಡಿಯಲು ಬಿಡಿ. ಒಟ್ಟು ದೂರವನ್ನು ನೂರಕ್ಕೆ ಒಂದೆರಡು ಹೆಚ್ಚುಕಡಿಮೆ ಎಂದುಕೊಂಡು ನಂಬಿ. ಅರ್ಧ ನಿಮಿಷದ ಸಣ್ಣ ಏರಿನಲ್ಲಿ ಒಂದು ಸೆಕೆಂಡಿನಿಂದ ಗೆದ್ದ ಸ್ಟ್ರಾವಾ ಕಿರೀಟವನ್ನು ನಂಬಬೇಡಿ. ಆರಂಭದ ಗೆರೆ ಎಲ್ಲಿ ದಾಟಿದಿರಿ ಎಂಬುದರಲ್ಲೇ ಅದಕ್ಕಿಂತ ಹೆಚ್ಚಿನ ತಪ್ಪಿರುತ್ತದೆ. ನಿಂತಾಗ ಗಡಿಯಾರವನ್ನೂ ನಿಲ್ಲಿಸುವ ‘ಆಟೊ ಪಾಸ್’ ಇಟ್ಟುಕೊಂಡು ಸರಾಸರಿ ವೇಗದ ಬಡಾಯಿ ಕೊಚ್ಚುವವರ ಬಗ್ಗೆ ನಾನು ಮಾತಾಡುವುದಿಲ್ಲ.

ನಂಬಿಕೆಯ ಇನ್ನೊಂದು ಮುಖ 2020ರ ಜುಲೈನಲ್ಲಿ ಕಂಡಿತು. ಜುಲೈ 23ರಂದು ಗಾರ್ಮಿನ್ ಕಂಪನಿಯ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ ಅದರ ಆನ್‌ಲೈನ್ ಸೇವೆ ದಿನಗಟ್ಟಲೆ ನಿಂತುಹೋಯಿತು. ಹ್ಯಾಂಡಲ್ ಮೇಲಿನ ಡಬ್ಬಿಗಳು ಎಂದಿನಂತೆ ಸವಾರಿ ದಾಖಲಿಸುತ್ತಲೇ ಇದ್ದವು. ಆದರೆ ಮೊಬೈಲಿಗೆ ಬಂದು ಬೀಳದ ಸವಾರಿ ನಡೆದೇ ಇಲ್ಲವೆಂಬಂತೆ ಜನ ಒದ್ದಾಡಿದರು. ಡಬ್ಬಿಗೆ ಕೇಬಲ್ ಚುಚ್ಚಿ ಫೈಲ್ ತೆಗೆದುಕೊಳ್ಳಬಹುದು ಎಂದು ಎಷ್ಟೋ ಮಂದಿಗೆ ತಿಳಿದಿದ್ದೇ ಆಗ.

ಉಪಗ್ರಹಗಳೂ ದೇವರಲ್ಲ. ನಮ್ಮದೇ ನಾವಿಕ್ ವ್ಯವಸ್ಥೆಯನ್ನು ನೋಡಿ. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೊದ ನ್ಯಾವಿಗೇಷನ್ ಕೇಂದ್ರವಿದೆ. 2013ರಲ್ಲಿ ಹಾರಿದ ಅದರ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟುಹೋದವು. ಬದಲಿ ಉಪಗ್ರಹ 2017ರ ಆಗಸ್ಟ್‌ನಲ್ಲಿ ರಾಕೆಟ್ಟಿನ ಶಾಖಕವಚ ಬೇರ್ಪಡದೆ ವ್ಯರ್ಥವಾಯಿತು. 2023ರಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ತಯಾರಾದ ಪರಮಾಣು ಗಡಿಯಾರ ಇತ್ತು. ಗಡಿಯಾರ ಕೆಟ್ಟರೆ ದೂರವೂ ಕೆಟ್ಟಂತೆ ಎಂಬುದನ್ನು ಇಷ್ಟು ಖರ್ಚು ಮಾಡಿ ಕಲಿತ ದೇಶ ನಮ್ಮದು.

ಇನ್ನು ಕೂಲಿಯ ಮಾತು. ನನ್ನ ಪಿಯುಸಿ ಸಹಪಾಠಿಯೊಬ್ಬ ಬೆಂಗಳೂರಿನಲ್ಲಿ ಪರೀಕ್ಷೆಗಳಿಗೆ ಓದಿಕೊಂಡು, ಸಂಜೆ ಹೊತ್ತು ಸೈಕಲ್‌ನಲ್ಲೇ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಕಂಪನಿಯ ಹೆಸರು ಬೇಡ. ದೂರಕ್ಕೆ ತಕ್ಕಂತೆ ದುಡ್ಡು. ದೂರ ಎಷ್ಟೆಂದು ಹೇಳುವುದು ಕಂಪನಿಯ ಆ್ಯಪ್. ಗಾಲಿಗೆ ಕೆಲವು ನೂರು ರೂಪಾಯಿಯ ಹಳೇ ನಮೂನೆಯ ಮೀಟರ್ ಹಾಕಿಸಿಕೊಂಡ ಮೇಲೆ ಅವನಿಗೆ ಅನುಮಾನ ಶುರುವಾಯಿತು. ಒನ್‌ವೇ ಸುತ್ತು, ರಸ್ತೆ ಅಗೆತ, ಅಪಾರ್ಟ್‌ಮೆಂಟಿನ ಹಿಂದಿನ ಗೇಟು ಎಲ್ಲ ಸೇರಿ ಒಂದು ಆರ್ಡರಿಗೆ ಸರಾಸರಿ 400 ಮೀಟರ್ ಆ್ಯಪಿನ ಲೆಕ್ಕದ ಹೊರಗೆ ಉಳಿಯುತ್ತಿತ್ತು. ದಿನಕ್ಕೆ 15 ಆರ್ಡರ್, ತಿಂಗಳಿಗೆ 25 ದಿನ ಹಿಡಿದರೆ 150 ಕಿಲೋಮೀಟರ್. ಕಾಲಿನಿಂದ ತುಳಿದ 150 ಕಿಲೋಮೀಟರ್, ಬಿಟ್ಟಿ.

ಇಲ್ಲಿ ಎರಡು ಸಂಗತಿಯನ್ನು ಬೇರೆ ಮಾಡಿ ನೋಡಬೇಕು. ಒಂದು, ಅವನು ನಿಜವಾಗಿ ಓಡಿದ ದೂರವನ್ನು ಜಿಪಿಎಸ್ ತಪ್ಪಾಗಿ ಅಳೆದಿರಬಹುದು. ಇನ್ನೊಂದು, ಕಂಪನಿ ಅಳೆಯುವುದೇ ಇಲ್ಲದೆ ನಕ್ಷೆಯಲ್ಲಿ ಮೊದಲೇ ಹಾಕಿಟ್ಟ ದೂರಕ್ಕೆ ದುಡ್ಡು ಕೊಡುತ್ತಿರಬಹುದು. ಮೊದಲನೆಯದು ಯಂತ್ರದ ಮಿತಿ. ಎರಡನೆಯದು ಕಂಪನಿಯ ನಿರ್ಧಾರ. ಕೆಲಸ ಮಾಡುವವನಿಗೆ ಇವೆರಡೂ ಒಂದೇ ಪರದೆಯ ಮೇಲೆ, ಒಂದೇ ಅಂಕಿಯಾಗಿ ಕಾಣುತ್ತವೆ. ‘ಸಿಸ್ಟಂ ಹಾಗೆ ತೋರಿಸ್ತಿದೆ’ ಎಂಬ ಉತ್ತರವೂ ಎರಡಕ್ಕೂ ಒಂದೇ. ಅಂಕಿ ಉಪಗ್ರಹದಿಂದ ಬಂದಿದೆ ಎಂದ ಮಾತ್ರಕ್ಕೆ ಅದರ ಹಿಂದಿನ ಮನುಷ್ಯರ ತೀರ್ಮಾನ ಮರೆಯಾಗಬಾರದು. ಪೆಟ್ರೋಲ್ ಬಂಕಿನ ಅಳತೆಯನ್ನೂ ದಿನಸಿ ಅಂಗಡಿಯ ತಕ್ಕಡಿಯನ್ನೂ ಸರ್ಕಾರ ಪರೀಕ್ಷಿಸಿ ಮುದ್ರೆ ಹಾಕುತ್ತದೆ. ದೂರ ಅಳೆದು ಕೂಲಿ ಕೊಡುವ ಆ್ಯಪಿಗೂ ಅಂಥದ್ದೊಂದು ತಪಾಸಣೆ ಇರಬೇಕೆಂದು ಕೇಳುವುದು ಅತಿಯಾಸೆಯೇನಲ್ಲ. ಅದು ಬರುವವರೆಗೆ ಕನಿಷ್ಠ ಲೆಕ್ಕದ ವಿಧಾನವನ್ನಾದರೂ ತಿಳಿಸಬೇಕು.

ಸಹಪಾಠಿ ಒಂದು ವಾರದ ಮೀಟರ್ ಫೋಟೊಗಳನ್ನು ತಾರೀಖು, ಆರ್ಡರ್ ಸಂಖ್ಯೆ ಸಮೇತ ಕಂಪನಿಯ ಸಹಾಯವಾಣಿಗೆ ಕಳುಹಿಸಿದ. ಆ್ಯಪ್ ಲೆಕ್ಕ ಹಾಕಿದ ದೂರವೇ ಅಂತಿಮ ಎಂದು ಒಂದು ಸಾಲಿನ ಉತ್ತರ ಬಂತು. ಕರ್ನಾಟಕದಲ್ಲಿ 2025ರಲ್ಲಿ ಬಂದಿರುವ ಗಿಗ್ ಕಾರ್ಮಿಕರ ಕಾಯ್ದೆ, ಕಾರ್ಮಿಕರ ಕೆಲಸದ ಮೇಲೆ ಪರಿಣಾಮ ಬೀರುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಅವರಿಗೆ ಮಾಹಿತಿ ಕೊಡಬೇಕು ಎನ್ನುತ್ತದೆ. ಅದನ್ನೇ ಹಿಡಿದು ಅವನು ಈಗ ಎರಡು ಪುಟದ ಅರ್ಜಿ ಬರೆಯುತ್ತಿದ್ದಾನೆ, ಕನ್ನಡದಲ್ಲಿ. ಮೊದಲ ಪ್ರಶ್ನೆ: ನೀವು ದೂರ ಎನ್ನುವುದು ನಾನು ತುಳಿದ ದಾರಿಯನ್ನೋ, ನಿಮ್ಮ ನಕ್ಷೆಯ ಗೆರೆಯನ್ನೋ?